ಮೀನಿಲ್ಲದೆ ಟ್ಯಾಂಕ್ ಸೈಕ್ಲಿಂಗ್: ನೈಟ್ರೈಟ್ ಇಳಿಯದಿದ್ದರೆ ಏನು ಮಾಡಬೇಕು?

(ಸೈಕ್ಲಿಂಗ್ ಅಂದರೆ ಮೀನು ಬಿಡುವ ಮೊದಲೇ ಅಮೋನಿಯಾ ಹಾಕಿ, ಅದನ್ನು ಮೊದಲು ನೈಟ್ರೈಟ್, ಆಮೇಲೆ ಕಡಿಮೆ ವಿಷದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸುವುದು. ಪಿಪಿಎಂ ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ.)

ಪ್ರಶ್ನೆ (ಸಿಂಧನೂರು): ಸರ, 24×12×15 ಇಂಚಿನ ಹೊಸ ಟ್ಯಾಂಕ್ ಐತ್ರಿ, ಸ್ಪಾಂಜ್ ಫಿಲ್ಟರ್ ಹಾಕೀನಿ. ಮೀನು ಬಿಟ್ಟಿಲ್ಲ. ನೀರು ಪೂರಾ ಮನೀ ಆರ್‌ಓದ್ದು. ದಿನಾ 2 ಪಿಪಿಎಂ ಅಮೋನಿಯಾ ಹಾಕಾಕತ್ತೀನಿ. ಅದು ಮರುದಿನಕ್ಕ ಸೊನ್ನೆ ಆಗತೈತಿ, ನೈಟ್ರೈಟ್ ಮಾತ್ರ ಕಡುನೇರಳೆ ಬಿಟ್ಟು ಕೆಳಗ ಇಳಿಯವಲ್ದು. ಬ್ಯಾಕ್ಟೀರಿಯಾ ಬಾಟಲಿ ಇನ್ನೊಂದು ತರಲ್ಯಾ?

ಉತ್ತರ: ಬಾಟಲಿ ಬೇಡ್ರಿ. ಮೊದಲು ಅಮೋನಿಯಾ ಹಾಕುವುದನ್ನು ನಿಲ್ಲಿಸಿ. 2 ಪಿಪಿಎಂ ಅಮೋನಿಯಾ ಪೂರ್ತಿ ಮಾರ್ಪಟ್ಟರೆ ಸುಮಾರು 5.4 ಪಿಪಿಎಂ ನೈಟ್ರೈಟ್ ಆಗುತ್ತದೆ. ಹನಿ ಹಾಕುವ ಕಿಟ್‌ಗಳ ಬಣ್ಣದ ಪಟ್ಟಿ ಸಾಮಾನ್ಯವಾಗಿ 5ಕ್ಕೇ ಮುಗಿಯುತ್ತದೆ. ಅಂದರೆ ನಾಲ್ಕೈದು ದಿನ ಹಾಕಿದ್ದು 20 ದಾಟಿರಬಹುದು. ಅದು 25 ಇದ್ದರೂ 8 ಇದ್ದರೂ ನಿಮಗೆ ಕಾಣುವುದು ಒಂದೇ ನೇರಳೆ. 1 ಭಾಗ ಟ್ಯಾಂಕ್ ನೀರಿಗೆ 9 ಭಾಗ ಆರ್‌ಓ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು 10ರಿಂದ ಗುಣಿಸಿ. 15ಕ್ಕಿಂತ ಹೆಚ್ಚಿದ್ದರೆ ಅರ್ಧ ನೀರು ತೆಗೆದುಬಿಡಿ. ಬ್ಯಾಕ್ಟೀರಿಯಾ ಇರುವುದು ಸ್ಪಾಂಜ್ ಮತ್ತು ಜಲ್ಲಿಯ ಮೇಲೆ, ನೀರಿನ ಜೊತೆ ಹೋಗುವುದು ಅತ್ಯಲ್ಪ.

ಆದರೆ ನಿಮ್ಮಲ್ಲಿ ದೊಡ್ಡ ಅನುಮಾನ ಆರ್‌ಓ ನೀರಿನ ಮೇಲೇ. ಅದರಲ್ಲಿ ಕೆಎಚ್, ಅಂದರೆ ನೀರು ಆಮ್ಲವಾಗದಂತೆ ತಡೆಯುವ ಕಾರ್ಬೊನೇಟ್ ಅಂಶ, ಬಹುತೇಕ ಇರುವುದಿಲ್ಲ. 2 ಪಿಪಿಎಂನ ಒಂದೊಂದು ಡೋಸ್ ಸುಮಾರು 0.65 ಡಿಗ್ರಿ ಕೆಎಚ್ ತಿಂದುಹಾಕುತ್ತದೆ. ಕೆಎಚ್ ಮುಗಿದ ಕೂಡಲೆ ಪಿಎಚ್ ಕುಸಿಯುತ್ತದೆ, 6.5ರ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸ ತೀರಾ ನಿಧಾನ. ಇವತ್ತೇ ಪಿಎಚ್ ನೋಡಿ. ನಿಮ್ಮ ಟ್ಯಾಂಕ್ 70 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ ನೀರು ಸುಮಾರು 60. ಅದಕ್ಕೆ 5.5 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 3 ಡಿಗ್ರಿ ಏರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ವಾಷಿಂಗ್ ಸೋಡಾ ಅಂತೂ ಅಲ್ಲವೇ ಅಲ್ಲ. ಜೊತೆಗೆ ಚಿಟಿಕೆ ಮೀನಿನ ಆಹಾರ ಹಾಕಿ. ಬರೀ ಆರ್‌ಓ ನೀರಲ್ಲಿ ರಂಜಕ ಸಿಗದೆಯೂ ನೈಟ್ರೈಟ್ ನಿಂತುಬಿಡುತ್ತದೆ. ಮುಂದೆ ಬೋರ್ ನೀರು, ಆರ್‌ಓ ನೀರು ಅರ್ಧಕ್ಕರ್ಧ ಬೆರೆಸಿದರೆ ಬೋರ್ ನೀರಿನಿಂದಲೇ ಕೆಎಚ್ ಸಿಗುತ್ತದೆ, ಸೋಡಾದ ತಾಪತ್ರಯವೇ ಇಲ್ಲ.

ಪ್ರಶ್ನೆ (ಗಂಗಾವತಿ): ಅಮೋನಿಯಾ ಸಿಗವಲ್ದು, ಯೂರಿಯಾ ಹಾಕಬಹುದಾ? ಇನ್ನೊಂದು, ಬೋರ್ ನೀರಲ್ಲೇ ನೈಟ್ರೇಟ್ 40 ತೋರಸ್ತೈತಿ. ಕಿಟ್ ಕೆಟ್ಟೈತೇನ್ರಿ?

ಉತ್ತರ: ಯೂರಿಯಾ ಬೇಡ. ಅದು ಒಡೆದು ಅಮೋನಿಯಾ ಆಗುವವರೆಗೆ ಕಿಟ್‌ಗೆ ಕಾಣುವುದಿಲ್ಲ. ಸಾಲದು ಅಂತ ಮತ್ತೆ ಹಾಕುತ್ತೀರಿ, ಆಮೇಲೆ ಎಲ್ಲಾ ಒಟ್ಟಿಗೆ ಏರುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಅಮೋನಿಯಂ ಕ್ಲೋರೈಡ್ ಕೇಳಿ. ಕಲಾಯಿ ಹಾಕುವವರ ನವಸಾಗರವೂ ಅದೇ, ಆದರೆ ಶುದ್ಧತೆ ನಂಬುವಂತಿಲ್ಲ. 63 ಗ್ರಾಂ ಕರಗಿಸಿ ಒಟ್ಟು 1 ಲೀಟರ್ ದ್ರಾವಣ ಮಾಡಿಟ್ಟುಕೊಳ್ಳಿ. 10 ಲೀಟರ್ ಟ್ಯಾಂಕ್ ನೀರಿಗೆ ಅದರ 1 ಮಿಲಿ ಹಾಕಿದರೆ 2 ಪಿಪಿಎಂ.

ಕಿಟ್ ಸರಿ ಇರಬಹುದು. ಭತ್ತದ ಗದ್ದೆಗಳ ನಡುವಿನ ಬೋರ್‌ನಲ್ಲಿ ನೈಟ್ರೇಟ್ ಇರುವುದು ಅಚ್ಚರಿಯಲ್ಲ. ಆ 40 ಅನ್ನು ಬರೆದಿಟ್ಟುಕೊಂಡು, ಅದರ ಮೇಲೆ ಏರಿದ್ದನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಹೆಚ್ಚಿಗೆ ತೋರಿಸುತ್ತದೆ. ಆ ಕಿಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಅಲುಗಾಡಿಸದಿದ್ದರೆ ಕಡಿಮೆ ತೋರಿಸುವುದೂ ಉಂಟು.

ಪ್ರಶ್ನೆ (ಬಳ್ಳಾರಿ): ಬ್ಯಾಸಿಗ್ಯಾಗ ನೀರು 34 ಡಿಗ್ರಿ ಆಗತೈತಿ, ಮ್ಯಾಲೆ ಕರೆಂಟ್ ಬ್ಯಾರೆ ಹೋಗತೈತಿ. ಮತ್ತ ಸೈಕಲ್ ಮುಗೀತಂತ ಹೆಂಗ ಗೊತ್ತಾಗಬೇಕು?

ಉತ್ತರ: ಬ್ಯಾಕ್ಟೀರಿಯಾಗಳಿಗೆ 28ರಿಂದ 30 ಡಿಗ್ರಿ ಹಿತ. ಬಿಸಿಗಿಂತ ಗಾಳಿಯ ಕೊರತೆ ಹೆಚ್ಚು ಕಾಡುತ್ತದೆ: 25 ಡಿಗ್ರಿ ನೀರಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35ರಲ್ಲಿ 7 ಮಾತ್ರ. ಗಾಜಿನ ಮುಚ್ಚಳ ತೆಗೆದು ಸಣ್ಣ ಫ್ಯಾನ್ ಹಚ್ಚಿ, ಪವರ್ ಬ್ಯಾಂಕ್‌ನಲ್ಲಿ ಓಡುವ ಏರ್ ಪಂಪ್ ಒಂದಿರಲಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿಗೆ ಚೆಕ್ ವಾಲ್ವ್ ಕಡ್ಡಾಯ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಸ್ವಿಚ್ ಬೋರ್ಡ್‌ಗೇ ಬರುತ್ತದೆ.

2 ಪಿಪಿಎಂ ಹಾಕಿದ 24 ಗಂಟೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ಅದೂ ಬೆನ್ನುಬೆನ್ನಿಗೆ ಎರಡು ದಿನ ಬಂದರೆ ಮುಗಿದಂತೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಮೇಲೆ ಶೇಕಡಾ 80ರಷ್ಟು ನೀರು ಬದಲಿಸಿ. ನಳದ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಮೀನು ತರುವುದು ತಡವಾದರೆ ದಿನ ಬಿಟ್ಟು ದಿನ 1 ಪಿಪಿಎಂ ಅಮೋನಿಯಾ ಕೊಡುತ್ತಿರಿ. ಬೋರ್ ನೀರಿದ್ದವರು ಗಡಸು ನೀರಿಗೆ ಒಗ್ಗುವ ಗಪ್ಪಿ, ಮೋಲಿ ಮೀನು ತರುವುದು ಜಾಣತನ. ಆದರೆ ಅಂಥ ನೀರಿನ ಪಿಎಚ್ ಹೆಚ್ಚಿದ್ದರೆ ಹುಷಾರು. ಪಿಎಚ್ 8.2, 30 ಡಿಗ್ರಿ ಇದ್ದಾಗ ಉಳಿದ ಅಮೋನಿಯಾದಲ್ಲಿ ಶೇಕಡಾ 11ರಷ್ಟು ವಿಷರೂಪದಲ್ಲಿರುತ್ತದೆ, ಪಿಎಚ್ 7ರಲ್ಲಿ ಶೇಕಡಾ 1ಕ್ಕೂ ಕಡಿಮೆ. ಹಾಗಾಗಿ ಮೊದಲ ವಾರ ಆಹಾರ ಕಡಿಮೆ ಹಾಕಿ, ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷಿಸಿ.