ಸಿಲ್ಕ್ ಬೋರ್ಡ್ ದಾಟಿ ಜಿಮ್ಮಿಗಾ?

ಸಕ್ಕರೆ ಗಡಿಯಲ್ಲಿದೆ, ಸ್ವಲ್ಪ ಮೈ ಬಗ್ಗಿಸಿ ಅಂತ ಡಾಕ್ಟರು ಸೀನನಿಗೆ ಹೇಳಿದ್ದೇ ತಡ, ನಮ್ಮ ಜಯನಗರದ ಗುಂಪಿಗೆ ಭಾನುವಾರದ ಕೆಲಸ ಸಿಕ್ಕಿತು. ಇವನು ಯಾವ ಜಿಮ್ ಸೇರಬೇಕು?

"ಎಚ್‌ಎಸ್‌ಆರ್ ಲೇಔಟಲ್ಲಿ ಒಂದು ನೋಡಿ ಬಂದೆ ಕಣ್ರೋ," ಅಂದ ಸೀನ. "ಎರಡು ಮಹಡಿ, ಸ್ಟೀಮ್ ಬಾತ್, ಪೂರ್ತಿ ಏಸಿ."

ಗಿರಿಗೆ ಕಾಫಿ ನೆತ್ತಿಗೇರಿತು. "ಲೋ, ದಿನಾ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ದಾಟೋನಿಗೆ ಜಿಮ್ ಯಾಕೋ? ಕ್ಲಚ್ ಒತ್ತಿ ಒತ್ತಿ ಎಡಗಾಲೊಂದು ತಾನಾಗೇ ಪೈಲ್ವಾನ್ ಆಗುತ್ತೆ."

ನನ್ನ ಮಾತೂ ಅದೇ. ನಡೆದು ಹೋಗುವಷ್ಟು ಹತ್ತಿರ ಇಲ್ಲದಿದ್ದರೆ ಮೊದಲ ಮಳೆಗೇ ಎಲ್ಲಾ ಮುಗಿಯುತ್ತೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಲೆಕ್ಕಕ್ಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ, ಸಿಗ್ನಲ್ಲಲ್ಲಿ ಕಾಯೋದನ್ನ ಮಾತ್ರ ಯಾರೂ ಸೇರಿಸಿಲ್ಲ.

ಶೈಲಾ ನಮ್ಮಲ್ಲಿ ನಿಜವಾಗಿ ಜಿಮ್ಮಿಗೆ ಹೋಗುವವಳು. "ನೀನು ಯಾವ ಹೊತ್ತಿಗೆ ಹೋಗ್ತೀಯೋ ಅದೇ ಹೊತ್ತಿಗೆ ಹೋಗಿ ನೋಡು. ಅವರು ಮಧ್ಯಾಹ್ನ ಮೂರಕ್ಕೆ ಕರೆದು ಖಾಲಿ ಜಿಮ್ ತೋರಿಸುತ್ತಾರೆ. ಸಂಜೆ ಹೋದರೆ ಒಂದು ಬೆಂಚಿಗೆ ನಾಲ್ಕು ಜನ ಕಾಯ್ತಿರ್ತಾರೆ, ಬೆಂಚಿನ ಮೇಲಿರೋನು ರೀಲ್ಸ್ ನೋಡ್ತಿರ್ತಾನೆ, ಅವನ ತೋಳು ನೋಡಿದ ಮೇಲೆ ಏಳಪ್ಪಾ ಅನ್ನೋಕೂ ಯಾರಿಗೂ ಬಾಯಿ ಬರಲ್ಲ. ಆಮೇಲೆ ಸಕ್ಕರೆ, ಮಂಡಿ ನೋವು ಏನೂ ಕೇಳದೆ ಮೊದಲ ದಿನವೇ ಪ್ರೋಟೀನ್ ಡಬ್ಬಿ ಮಾರೋನು ಟ್ರೇನರ್ ಅಲ್ಲ, ಅಂಗಡಿಯವನು."

"ವರ್ಷದ್ದು ಒಟ್ಟಿಗೆ ಕಟ್ಟಿದರೆ ಮೂರು ತಿಂಗಳು ಫ್ರೀ ಅಂತೆ. ಇವತ್ತೇ ಕೊನೇ ದಿನವಂತೆ," ಅಂದ ಸೀನ.

"ಆ ಕೊನೇ ದಿನ ಯುಗಾದಿಯಿಂದ ದೀಪಾವಳಿವರೆಗೂ ಇರುತ್ತೆ," ಅಂದ ಲೆಕ್ಕಪತ್ರದ ಮಂಜ. "ಮೊದಲು ತಿಂಗಳದ್ದು ಕಟ್ಟು. ಎಲ್ಲಾ ಮೆಂಬರೂ ಒಂದೇ ದಿನ ಬಂದರೆ ನಿಲ್ಲೋಕೂ ಜಾಗ ಇರಲ್ಲ ಕಣೋ, ಬರದೇ ಇರೋರ ದುಡ್ಡಲ್ಲೇ ಏಸಿ ಓಡೋದು. ಬಿಲ್ಲೂ ನೋಡು, 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ."

ಮೈಸೂರಿನ ಗಿರಿ ಸುಮ್ನೆ ಇರುತ್ತಾನಾ? "ನಮ್ಮ ಗರಡಿ ಮನೆ ಮುಂದೆ ಇದೆಲ್ಲಾ ಏನು! ಕೆಂಪು ಮಣ್ಣು, ಗದೆ, ಆಂಜನೇಯ, ಎದುರಿಗೆ ಉಸ್ತಾದರು."

"ಹೆಂಗಸರಿಗೆ ಒಳಗೆ ಕಾಲಿಡೋಕೂ ಬಿಡ್ತಿರಲಿಲ್ಲ, ಅದನ್ನೂ ಹೇಳು," ಅಂದಳು ಶೈಲಾ. ಗಿರಿ ಕಾಫಿ ಲೋಟಕ್ಕೆ ಮುಖ ಇಟ್ಟ.

ನಾನು ಮಾತು ತಿರುಗಿಸಿದೆ. ಕಾದಂಬರಿ ಬರೆದ ನಮ್ಮ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸುತ್ತಿದ್ದರಲ್ಲ, ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು ಅಂದೆ. ಸೀನನ ಕಣ್ಣು ಅರಳಿತು. "ಮನೇಲೇ ಕೂತು? ಹಂಗಾದ್ರೆ ನಾನೂ ಆನ್‌ಲೈನ್ ಸೇರ್ತೀನಿ."

"ನೀನು ಕ್ಯಾಮೆರಾ ಆಫ್ ಮಾಡಿ ಮಲಗ್ತೀಯ," ಅಂದೆವು ಎಲ್ಲರೂ.

ಸ್ವಲ್ಪ ಹೊತ್ತು ಯೋಚಿಸಿ ಸೀನ ಬಾಯಿ ಬಿಟ್ಟ. "ನಮ್ಮ ರಸ್ತೆ ಕೊನೇಲೇ ಒಂದಿದೆ. ತಿಂಗಳ ಲೆಕ್ಕದಲ್ಲೂ ಕಟ್ಟಿಸಿಕೊಳ್ಳುತ್ತಾರೆ, ಟ್ರೇನರ್ರೂ ಒಳ್ಳೆಯವನು. ಆದರೆ ಅದು ಎರಡನೇ ಮಹಡಿ ಕಣ್ರೋ, ಲಿಫ್ಟ್ ಇಲ್ಲ."