ರಾಣಿಪುರಂ ಬೆಟ್ಟದಲ್ಲಿ ಹೋದ ದಾರಿಯಲ್ಲೇ ಮರಳದೆ ಸುತ್ತು ಹಾಕಿ ಬರಬಹುದೇ?

ಕೇಳಿದವರು: ಬದಿಯಡ್ಕದಿಂದ

ನಾವು ಬದಿಯಡ್ಕ, ಪೆರ್ಲ ಕಡೆಯ ಐದಾರು ಗೆಳೆಯರು. ಕುಮಾರಪರ್ವತ, ಗಡಾಯಿಕಲ್ಲು ಹತ್ತಿದವರು. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯದೇ ರಾಣಿಪುರಂಗೆ ಹೊರಟಿದ್ದೇವೆ. ಟಿಕೆಟ್ ಪಡೆದು, ಶೋಲಾ ಕಾಡಿನ (ಘಟ್ಟದ ಮೇಲಿನ ನಿತ್ಯಹಸಿರು ಕಾಡು) ನೆರಳಿನಲ್ಲಿ ಹತ್ತಿ, ಹುಲ್ಲುಗಾವಲಿನ ನೆತ್ತಿಯಲ್ಲಿ ಫೋಟೊ ತೆಗೆದು, ಅದೇ ದಾರಿಯಲ್ಲಿ ಇಳಿಯುವುದು ಎಲ್ಲರೂ ಮಾಡುವ ಕೆಲಸ. ನಮಗೆ ಸುತ್ತು ಬೇಕು. ನೆತ್ತಿಯಿಂದ ಬೆಟ್ಟದ ಏಣಿನ, ಎಂದರೆ ಬೆನ್ನುಸಾಲಿನ, ಮೇಲೆಯೇ ಮುಂದುವರಿದು, ಇನ್ನೊಂದು ಮಗ್ಗುಲಿನ ಕಾಡಿನೊಳಗೆ ಇಳಿದು, ಹೊರಟ ರಸ್ತೆಗೇ ಬಂದು ಸೇರುವಂತೆ ಮೊಬೈಲಿನ ನಕ್ಷೆಯಲ್ಲಿ ಒಂದು ಗೆರೆ ಎಳೆದಿದ್ದೇನೆ. ಒಟ್ಟು ಒಂಬತ್ತು ಕಿಲೋಮೀಟರ್. ಅದರಲ್ಲಿ ಎರಡೂವರೆ ಕಿಲೋಮೀಟರಿನಷ್ಟು ಕಾಡಿನಲ್ಲಿ ಕಾಲುದಾರಿಯ ಗುರುತೇ ಇಲ್ಲ. ಅರ್ಧ ದಿನ ಸಾಕೇ? ಇಂಥ ಕಡೆ ನಡೆದವರು ದಯವಿಟ್ಟು ಅನುಭವ ಹೇಳಿ.

ಪಾಣತ್ತೂರಿನಿಂದ, ರಬ್ಬರ್ ಕೃಷಿಕ

ಗೆರೆ ಎಳೆಯುವ ಮೊದಲು ಆ ಕಾಡು ಯಾರದು ಎಂದು ಕೇಳಿದ್ದೀರಾ? ಟಿಕೆಟ್ ಕೊಡುವುದು ಗುರುತು ಮಾಡಿದ ದಾರಿಗೆ ಮಾತ್ರ. ಅದರಾಚೆಗೆ ಮೀಸಲು ಅರಣ್ಯ. ಅನುಮತಿ ಇಲ್ಲದೆ ಹೊಕ್ಕರೆ 1961ರ ಕೇರಳ ಅರಣ್ಯ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಕೇಸು. ಏಣಿನ ಆಚೆ ಮಗ್ಗುಲಿಗೆ ಇಳಿದರೆ ಇನ್ನೂ ಚೆನ್ನ, ಕರ್ನಾಟಕದ ಕಾಡು ಸೇರುತ್ತೀರಿ. ಆ ಕಡೆ ತಲಕಾವೇರಿ ವನ್ಯಜೀವಿಧಾಮವೂ ಉಂಟು, 105 ಚದರ ಕಿಲೋಮೀಟರ್. ಕಾಡಿನ ನಡುವೆ ರಾಜ್ಯದ ಗಡಿಗೆ ಬೇಲಿ ಹಾಕಿಲ್ಲ, ಬೋರ್ಡೂ ಇಲ್ಲ. ಆನೆಗೂ ಗಡಿ ಗೊತ್ತಿಲ್ಲ. ನಮ್ಮ ಬಾಳೆ ತೋಟಕ್ಕೆ ಬರುವ ಆನೆ ಯಾವ ರಾಜ್ಯದ್ದು ಎಂದು ನಾವು ಕೇಳುವುದಿಲ್ಲ, ಪಟಾಕಿ ಹುಡುಕುತ್ತೇವೆ.

ಕಾಸರಗೋಡಿನ ವಿಭಾಗೀಯ ಅರಣ್ಯಾಧಿಕಾರಿಗೆ ಮೊದಲೇ ಅರ್ಜಿ ಬರೆಯಿರಿ. ಇಲಾಖೆಯ ವಾಚರ್ (ಕಾಡಿನ ಕಾವಲುಗಾರ) ಜತೆಗೆ ಬರುವುದಾದರೆ ಮಾತ್ರ ಹೋಗಿ. ಇಲ್ಲ ಎಂದರೆ ಅಲ್ಲಿಗೆ ಬಿಡಿ.

ಮುಳ್ಳೇರಿಯದಿಂದ, ನಿವೃತ್ತ ಶಾಲಾ ಶಿಕ್ಷಕ

ಮೇಲಿನವರ ಮಾತೇ ಮೊದಲ ಮಾತು. ಅನುಮತಿ ಸಿಕ್ಕಿತು, ವಾಚರ್ ಜತೆಗಿದ್ದಾರೆ ಎಂದಿಟ್ಟುಕೊಂಡು ಮುಂದಿನದನ್ನು ಬರೆಯುತ್ತೇನೆ. ಮಕ್ಕಳ ಪ್ರಕೃತಿ ಶಿಬಿರಗಳಿಗಾಗಿ ಅರಣ್ಯ ಇಲಾಖೆಯವರ ಜತೆ ಈ ಸೀಮೆಯ ಗುಡ್ಡಗಳಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ.

ನಿಮ್ಮ ಯೋಜನೆಯಲ್ಲಿ ದೂರಕ್ಕಿಂತ ದಿಕ್ಕಿನದೇ ತೊಡಕು. ದಾರಿಯಿರುವಲ್ಲಿ ಹತ್ತಿ ದಾರಿಯಿಲ್ಲದಲ್ಲಿ ಇಳಿಯುತ್ತೇವೆ ಎನ್ನುತ್ತೀರಿ. ಅದನ್ನು ತಿರುಗಿಸಿ. ದಾರಿಯಿಲ್ಲದ ಕಾಡನ್ನು ಹತ್ತುವ ಪಾಲಿಗೆ ಹಾಕಿ, ಇಳಿಯುವುದನ್ನು ಎಲ್ಲರೂ ನಡೆಯುವ ಕಾಲುದಾರಿಗೆ ಬಿಡಿ.

ಕಾರಣ ಬೆಟ್ಟದ ಆಕಾರದಲ್ಲೇ ಇದೆ. ಕೆಳಗಿನಿಂದ ಹತ್ತುವಾಗ ಸಣ್ಣ ಏಣುಗಳೆಲ್ಲ ಒಂದಕ್ಕೊಂದು ಕೂಡುತ್ತಾ ಕೊನೆಗೆ ದೊಡ್ಡ ಏಣನ್ನು ಸೇರುತ್ತವೆ. ನೀವು ಯಾವ ಕವಲನ್ನು ಹಿಡಿದು ಹತ್ತಿದರೂ ಮೇಲೆ ಸಿಗುವುದು ಅದೇ ನೆತ್ತಿ. ಇಳಿಯುವಾಗ ಅದೇ ಏಣು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಮರಗಳ ನಡುವೆ ಹತ್ತು ಮಾರು ದೂರ ಕಾಣುವುದು ಕಷ್ಟವಾಗಿರುವಾಗ ಆ ಒಡೆಯುವ ಜಾಗ ಗೊತ್ತೇ ಆಗುವುದಿಲ್ಲ. ಎಡಕ್ಕೆ ಹೋಗಬೇಕಾದವರು ಕಾಲು ಹಗುರಾದ ಕಡೆಗೆ, ಬಲಕ್ಕೆ, ಇಳಿದುಬಿಡುತ್ತಾರೆ. ಅರ್ಧ ಗಂಟೆಯ ಮೇಲೆ ನೋಡಿದರೆ ನಡುವೆ ಒಂದು ಆಳದ ತೋಡು, ಆಚೆಗೆ ನೀವು ಇರಬೇಕಾಗಿದ್ದ ಏಣು.

ಆಗ ಎಲ್ಲರಿಗೂ ಹೊಳೆಯುವ ಉಪಾಯ ತೋಡು ಹಿಡಿದು ಇಳಿಯುವುದು. ನೀರು ಹರಿದಲ್ಲಿಗೆ ಊರು ಸಿಗುತ್ತದೆ ಎಂಬ ಮಾತು ಗದ್ದೆ ಬಯಲಿನಲ್ಲಿ ಸರಿ. ಘಟ್ಟದ ತೋಡು ಮೊದಲು ಪಾಚಿ ಹಿಡಿದ ಕಲ್ಲು, ಆಮೇಲೆ ಸೊಂಟದೆತ್ತರದ ಮೆಟ್ಟಿಲು, ಆಮೇಲೆ ಒಮ್ಮೆಲೇ ಅಬ್ಬಿ. ಸೊಂಟದೆತ್ತರದಿಂದ ಜಾರಿ ಇಳಿದವನಿಗೆ ಮರಳಿ ಹತ್ತಲು ಆಗುವುದಿಲ್ಲ, ಕೆಳಗೆ ಅಬ್ಬಿ ಇಳಿಯಲೂ ಆಗುವುದಿಲ್ಲ. ಹತ್ತುವಾಗ ಈ ತಾಪತ್ರಯವಿಲ್ಲ. ಹತ್ತಲಾಗದ ಕಲ್ಲು ಎದುರಾದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಬಹುದು.

2022ರ ಫೆಬ್ರವರಿಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಹತ್ತಿರ ಬೆಟ್ಟ ಹತ್ತಿದ ಹುಡುಗನೊಬ್ಬ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡದ್ದು ನೆನಪಿರಬಹುದು. ನಲವತ್ತಕ್ಕೂ ಹೆಚ್ಚು ಗಂಟೆ ಅನ್ನ ನೀರಿಲ್ಲದೆ ಕುಳಿತಿದ್ದವನನ್ನು ಸೈನ್ಯದವರು ಹಗ್ಗ ಕಟ್ಟಿ ಎತ್ತಿದರು. ಅವನು ಜಾರಿದ್ದು ಹತ್ತುವಾಗ ಅಲ್ಲ, ಇಳಿಯುವಾಗ.

ಇನ್ನು ಸಮಯ. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ ಮತ್ತು ಹುಲ್ಲುಗಾವಲಿನ ನಿಮ್ಮ ಆರೂವರೆ ಕಿಲೋಮೀಟರಿಗೆ ಆ ಲೆಕ್ಕ ಹಾಕಿ, ನಮ್ಮ ಸೆಕೆಗೆ ಮುಕ್ಕಾಲು ಗಂಟೆ ಸೇರಿಸಿದರೆ ಮೂರು ಗಂಟೆ. ಕಾಡಿನ ಎರಡೂವರೆ ಕಿಲೋಮೀಟರಿಗೆ ನೈಸ್ಮಿತ್ ನಡೆಯುವುದಿಲ್ಲ. ಅಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ನೀವು ಗಟ್ಟಿಗರು. ಬಿದ್ದ ಮರ ಸುತ್ತಬೇಕು, ಬೆತ್ತದ ಮುಳ್ಳು ಅಂಗಿ ಹಿಡಿದರೆ ನಿಂತು ಬಿಡಿಸಬೇಕು, ತೋಡಿನ ಬದಿಯ ಓಟೆಯ (ಸಣ್ಣ ಬಿದಿರಿನ) ಮೆಳೆಯಲ್ಲಿ ನುಸುಳಲೇ ಆಗುವುದಿಲ್ಲ. ಊಟ ವಿಶ್ರಾಂತಿ ಸೇರಿದರೆ ಇಡೀ ದಿನದ ಕೆಲಸ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತದೆ, ಶೋಲಾದೊಳಗೆ ಐದಕ್ಕೇ ಕತ್ತಲೆ. ಮಧ್ಯಾಹ್ನ ಹನ್ನೆರಡಕ್ಕೆ ನೆತ್ತಿ ಕಾಣದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗುವುದೆಂದು ಮನೆಯಲ್ಲೇ ತೀರ್ಮಾನಿಸಿ. ಬೆಟ್ಟದ ಮೇಲೆ ಹೋಗಿ ತೀರ್ಮಾನಿಸಿದರೆ ಒಬ್ಬನಾದರೂ ಇನ್ನು ಹತ್ತೇ ನಿಮಿಷ ಎನ್ನುತ್ತಾನೆ.

ಮಂಜೇಶ್ವರದಿಂದ, ಸಾಫ್ಟ್‌ವೇರ್ ಉದ್ಯೋಗಿ

ಮಾಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಮೊಬೈಲಿನಲ್ಲಿ ಜಿಪಿಎಸ್ ಇರುವಾಗ ಏಣು ಒಡೆದದ್ದು ಗೊತ್ತಾಗದೆ ಹೋಗುತ್ತದೆಯೇ? ಗೆರೆ ಬಿಟ್ಟು ಸರಿದರೆ ಅದೇ ಕೂಗಿ ಹೇಳುತ್ತದೆ. ನಾನು ಎಲ್ಲ ಕಡೆಯೂ ಹೀಗೆಯೇ ನಡೆದಿದ್ದೇನೆ.

ಮುಳ್ಳೇರಿಯದ ಶಿಕ್ಷಕ

ಗೊತ್ತಾಗುತ್ತದೆ, ತಡವಾಗಿ. ದಟ್ಟ ಮರಗಳ ಕೆಳಗೆ, ಅದೂ ಇಕ್ಕಟ್ಟಾದ ಕಣಿವೆಯಲ್ಲಿ, ಮೊಬೈಲ್ ತೋರಿಸುವ ಚುಕ್ಕೆ ಹತ್ತಿಪ್ಪತ್ತು ಮೀಟರ್ ಆಚೀಚೆ ಕುಣಿಯುತ್ತಿರುತ್ತದೆ. ಏಣು ಕವಲೊಡೆಯುವ ಜಾಗದಲ್ಲಿ ಎರಡು ಕವಲುಗಳ ನಡುವೆ ಇರುವ ಅಂತರವೂ ಅಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ನಕ್ಷೆಯದು. ಹಲವು ಆ್ಯಪ್‌ಗಳ ಎತ್ತರದ ಗೆರೆಗಳಿಗೆ ಮೂಲ 2000ದಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಮಾಡಿದ ಅಳತೆ. ಅದು ಸುಮಾರು 30 ಮೀಟರಿಗೆ ಒಂದು ಬಿಂದುವಿನಂತೆ ಎತ್ತರ ಕೊಡುತ್ತದೆ. ಕಾಡಿದ್ದಲ್ಲಿ ನೆಲಕ್ಕಿಂತ ಹೆಚ್ಚಾಗಿ ಮರಗಳ ತಲೆಯನ್ನೇ ಅಳೆದಿರುತ್ತದೆ. ಹತ್ತು ಮೀಟರಿನ ನೆಟ್ಟಗಿನ ಬಂಡೆ ಇಂಥ ನಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಎರಡು ಗೆರೆಗಳ ನಡುವೆ ಅದು ಸಾಧಾರಣ ಇಳಿಜಾರಿನಂತೆ ಮಲಗಿರುತ್ತದೆ. ಮೊಬೈಲ್ ಒಯ್ಯಿರಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಬ್ಯಾಟರಿ ಉಳಿಯಲು ನೆಟ್‌ವರ್ಕ್ ಆರಿಸಿಡಿ. ಗಡಿಯಲ್ಲಿ ಟವರ್ ಹುಡುಕಿ ಹುಡುಕಿಯೇ ಅರ್ಧ ಚಾರ್ಜ್ ಹೋಗುತ್ತದೆ. ಅಪಾಯ ಎದುರಾದಾಗ 112ಕ್ಕೆ ಕರೆ ಮಾಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ ಸಾಕು.

ಹುಲ್ಲುಗಾವಲಿನ ಒಂದು ಮಾತು ಬಿಟ್ಟುಹೋಗಿತ್ತು. ಕಾಡಿನಿಂದ ಹುಲ್ಲಿಗೆ ಹೊರಬಿದ್ದ ಕೂಡಲೇ ಎಲ್ಲರೂ ಗಾಳಿಗೆ ಮುಖ ಒಡ್ಡಿ ಮುಂದೆ ಓಡುತ್ತಾರೆ. ನಿಲ್ಲಿ, ಹಿಂದಿರುಗಿ ನೋಡಿ. ಶೋಲಾದ ಅಂಚು ಒತ್ತಾಗಿ ಕತ್ತರಿಸಿದ ಹಸಿರು ಗೋಡೆ. ನೀವು ಹೊರಬಂದ ಕಿಂಡಿ ಆಳೆತ್ತರದ್ದು, ಐವತ್ತು ಹೆಜ್ಜೆ ಆಚೆ ಹೋದರೆ ಮಾಯ. ಪಕ್ಕದಲ್ಲಿ ವಾರೆಯಾದ ಮರವೋ ಬೋಳು ಬಂಡೆಯೋ ಇದ್ದರೆ ಗುರುತು ಹಿಡಿದು ಫೋಟೊ ತೆಗೆದುಕೊಳ್ಳಿ. ಮಂಜು ಕವಿದಾಗ ಆ ಫೋಟೊ ಒಂದೇ ಗತಿ.

ಕುಂಬಳೆಯಿಂದ, ಸಸ್ಯಶಾಸ್ತ್ರ ಉಪನ್ಯಾಸಕಿ

ಗಿಡಮರಗಳ ಬಗ್ಗೆ ಯಾರೂ ಹೇಳಲಿಲ್ಲ. ದಾರಿಯಿಲ್ಲದ ಕಾಡಿನಲ್ಲಿ ಕೈ ತಾನಾಗಿಯೇ ಕೊಂಬೆ ಹಿಡಿಯುತ್ತದೆ. ಹಿಡಿಯುವ ಮೊದಲು ಎರಡು ಸಂಗತಿ ನೋಡಿ.

ಒಂದು, ಚೇರೆ ಮರ. ಗೇರು, ಮಾವಿನ ಕುಟುಂಬದ್ದೇ. ತೊಗಟೆಯ ಮೇಲೆ ಸೊನೆ ಒಸರಿ ಒಣಗಿದ ಕಪ್ಪು ಕಲೆಗಳು ಇರುತ್ತವೆ. ಸೊನೆ ತಾಗಿದರೆ ಮರುದಿನ ಮೈ ಬಾತು ಗುಳ್ಳೆ ಏಳುತ್ತದೆ, ಕೆಲವರಿಗೆ ಮರದ ಕೆಳಗೆ ನಿಂತರೂ ಸಾಕು. ತಾರೆ ಮರಕ್ಕೆ ಸುತ್ತು ಬಂದರೆ ಉರಿ ಇಳಿಯುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಸುತ್ತು ಬನ್ನಿ, ಅಡ್ಡಿಯಿಲ್ಲ. ಅದಕ್ಕೂ ಮೊದಲು ಸೋಪು ಹಾಕಿ ತೊಳೆಯಿರಿ.

ಇನ್ನೊಂದು ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು. ತೋಡಿನ ಬದಿಯ ಗಿಡಗಳ ಮೇಲೆ, ಹೆಚ್ಚಾಗಿ ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ, ಅಲುಗಾಡದೆ ಕುಳಿತಿರುತ್ತದೆ. ಹಸಿರು, ಕಂದು, ಹಳದಿ, ಎಲ್ಲ ಬಣ್ಣದಲ್ಲೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಕ್ಕೆ ತಯಾರಾದದ್ದು, ಇದಕ್ಕಲ್ಲ. ಇದು ಕಚ್ಚಿ ಸಾಯುವುದು ಅಪರೂಪ, ಆದರೆ ಬಾತ ಕೈ ಹಿಡಿದುಕೊಂಡು ಕಾಡಿನಿಂದ ಹೊರಬರುವುದು ಸುಲಭವಲ್ಲ. ಕೈಗವಸು ಹಾಕಿ, ಕೋಲು ಮುಂದಿರಲಿ.

ಜಿಗಣೆ ಡಿಸೆಂಬರಿನಲ್ಲಿ ಕಡಿಮೆ, ನೆರಳಿನ ತೇವದಲ್ಲಿ ಇದ್ದೇ ಇರುತ್ತವೆ. ಬಟ್ಟೆಯ ತುಂಡಿನಲ್ಲಿ ಉಪ್ಪು, ಹೊಗೆಸೊಪ್ಪಿನ ಪುಡಿ ಕಟ್ಟಿಕೊಂಡರೆ ಸಾಕು. ಜಿಗಣೆಗಿಂತ ನನಗೆ ಉಣ್ಣಿಯ ಹೆದರಿಕೆ. ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು, ಆಮೇಲೆ ವಯನಾಡಿಗೂ ಬಂದಿದೆ. ಉಣ್ಣಿಯ ಕಾಲ ಶುರುವಾಗುವುದು ಮಳೆ ನಿಂತ ಮೇಲೆಯೇ. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ, ಬಂಡೆ ಹುಡುಕಿ. ಸಂಜೆ ಮನೆಯಲ್ಲಿ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಸುತ್ತ ನೋಡಿಕೊಳ್ಳಿ.

ಪಾಣತ್ತೂರಿನ ಕೃಷಿಕ

ಮಾಷ್ಟ್ರು ದಿಕ್ಕು ತಿರುಗಿಸಿ ಎಂದದ್ದು ಬುದ್ಧಿಯ ಮಾತು. ಆದರೆ ತಿರುಗಿಸಿದರೆ ಬೆಳಗ್ಗೆಯೇ ಕಾಡು ಹೊಕ್ಕಂತಾಯಿತು. ಆ ಹೊತ್ತಿಗೆ ಆನೆ ಇನ್ನೂ ಕೆಳಗಿನ ಓಟೆ ಬಿಟ್ಟು ಕದಲಿರುವುದಿಲ್ಲ. ವಾಚರ್ ಸ್ವಲ್ಪ ತಡೆಯಿರಿ ಎಂದರೆ ತಡೆಯಿರಿ, ಅವಸರ ಮಾಡಬೇಡಿ. ಲದ್ದಿ ಸಿಕ್ಕಿದರೆ ಅವರು ಕೋಲಿನಿಂದ ಒಡೆದು ನೋಡುತ್ತಾರೆ. ಒಳಗೆ ಬಿಸಿ ಇದ್ದರೆ, ಮೇಲೆ ಇನ್ನೂ ಹೊಳಪಿದ್ದರೆ ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು. ಅಷ್ಟು ದೂರದಿಂದ ಬಂದೆವಲ್ಲ ಎಂದು ಅವರೊಡನೆ ವಾದಕ್ಕೆ ನಿಲ್ಲುವವರನ್ನು ಕಂಡಿದ್ದೇನೆ. ವಾಚರ್‌ಗೂ ಮನೆ ಮಕ್ಕಳು ಇದ್ದಾರೆ.

ಫೆಬ್ರವರಿ ಮಾರ್ಚ್‌ಗೆ ಮಾತ್ರ ಮುಂದೂಡಬೇಡಿ. ಹುಲ್ಲು ಒಣಗಿ ನಿಂತಿರುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಬೆಂಕಿ ಏರು ಹಿಡಿದರೆ ಮನುಷ್ಯನ ಕಾಲಿಗಿಂತ ಬೇಗ ಹತ್ತುತ್ತದೆ.

ಧರ್ಮತ್ತಡ್ಕದಿಂದ, ಗೃಹಿಣಿ

ಅನುಮತಿ, ವಾಚರ್, ಆನೆ ಎಂದು ಇಷ್ಟೆಲ್ಲ ಆದ ಮೇಲೆ ನನ್ನದೊಂದು ಪ್ರಶ್ನೆ: ನಿಮ್ಮ ಪೆರ್ಲದ ಪಕ್ಕದಲ್ಲೇ ಪೊಸಡಿಗುಂಪೆ ಇರುವುದು ಯಾರಿಗೂ ನೆನಪಾಗಲಿಲ್ಲವೇ? ಎತ್ತರ ಸಾವಿರ ಅಡಿಯ ಆಸುಪಾಸು, ಒಪ್ಪಿದೆ. ಆದರೆ ತಿಳಿಯಾದ ದಿನ ನೆತ್ತಿಯಲ್ಲಿ ನಿಂತರೆ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟದ ಸಾಲು. ಒಂದು ಮಗ್ಗುಲಿನಿಂದ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿದು, ತೋಟದ ಬದಿಯ ರಸ್ತೆಯಲ್ಲಿ ಸುತ್ತಿ ಬರಬಹುದು. ಕುರುಚಲು ಕಾಡಿನಲ್ಲಿ ದಾರಿ ತಪ್ಪಿದರೂ ಕೆಳಗೆ ಯಾರದಾದರೂ ಅಂಗಳ ಸಿಗುತ್ತದೆ. ಅಂಗಳ ದಾಟುವ ಮೊದಲು ಕರೆದು ಕೇಳಿ, ನಾಯಿ ಇರುತ್ತದೆ. ಮಾಷ್ಟ್ರು ಹೇಳಿದ ಏಣಿನ ಪಾಠವನ್ನು ಮೊದಲು ಅಲ್ಲಿ ಮಾಡಿ ನೋಡಿ. ಬಿಸಿಲು ಮಾತ್ರ ನೆತ್ತಿ ಸುಡುತ್ತದೆ, ಮುರಕಲ್ಲಿನ ಮೇಲೆ ನೆರಳಿಲ್ಲ. ತಲಾ ಎರಡು ಲೀಟರ್ ನೀರು ಬೇಕೇ ಬೇಕು.

ಕೇಳಿದವರು

ಎಲ್ಲರಿಗೂ ವಂದನೆ. ಡಿಸೆಂಬರ್ ಮೊದಲ ಭಾನುವಾರ ಪೊಸಡಿಗುಂಪೆಯ ಸುತ್ತು, ಜಿಪಿಎಸ್ ಕಿಸೆಯಲ್ಲಿಟ್ಟು, ಕಣ್ಣಳತೆಯಲ್ಲೇ ನಡೆಯುವುದು. ರಾಣಿಪುರಂಗೆ ಅರ್ಜಿ ಬರೆಯುತ್ತೇವೆ. ಒಪ್ಪಿದರೆ ಮಾಷ್ಟ್ರು ಹೇಳಿದಂತೆ ಕಾಡು ಹತ್ತಿ ದಾರಿಯಲ್ಲಿ ಇಳಿಯುವುದು, ಒಪ್ಪದಿದ್ದರೆ ಎಲ್ಲರಂತೆ ಹೋದ ದಾರಿಯಲ್ಲೇ ಮರಳುವುದು. ಇನ್ನೆರಡು ಸಣ್ಣ ಪ್ರಶ್ನೆ: ನಮ್ಮಲ್ಲಿ ಯಾರಿಗೂ ಮಲಯಾಳ ಸರಿಯಾಗಿ ಬಾರದು, ವಾಚರ್ ಜತೆ ಹೇಗೆ? ಕಾರಿಲ್ಲದವರು ಬೆಳಗ್ಗೆ ತಲುಪುವುದು ಹೇಗೆ?

ಪಾಣತ್ತೂರಿನ ಕೃಷಿಕ

ಕಾಸರಗೋಡಿನಲ್ಲಿ ಹುಟ್ಟಿ ಮಲಯಾಳ ಬಾರದು ಎಂದರೆ ಯಾರೂ ನಂಬುವುದಿಲ್ಲ. ನಿಲ್ಲು, ಹೋಗು, ಸುಮ್ಮನಿರು ಇಷ್ಟು ತಿಳಿದರೆ ಕಾಡಿನಲ್ಲಿ ಧಾರಾಳ. ಕಾಞಂಗಾಡಿನಿಂದ ಪಾಣತ್ತೂರು ಬಸ್ ಹತ್ತಿ ಪಾಣತ್ತಡಿಯಲ್ಲಿ ಇಳಿಯಿರಿ, ಅಲ್ಲಿಂದ ಮೇಲಕ್ಕೆ ಜೀಪು. ಬೆಳಗ್ಗೆ ಹೊರಟು ಬಂದರೆ ಹೊತ್ತೇರುತ್ತದೆ, ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಜೀಪಿನವರೊಡನೆ ಸಂಜೆ ಮರಳುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ.