ರಿಕಿ ಹೆಂಡರ್ಸನ್ ವಿಡಿಯೋ ನೋಡಿ ಬೇಸ್ ಕದಿಯೋ ಮಕ್ಕಳಿಗೆ

ಮೇಡಂ, ಬೇಸ್‌ಬಾಲ್ ಆಡುವ ಹತ್ತು ವರ್ಷದ ಮಗ, ಬೇಸ್ ಕದಿಯೋದರಲ್ಲಿ (ಬ್ಯಾಟರ್ ಚೆಂಡು ಹೊಡೆಯದಿದ್ದರೂ ಮುಂದಿನ ಚೌಕಕ್ಕೆ, ಅಂದರೆ ಬೇಸ್‌ಗೆ, ಓಡೋದು) ಹೆಸರಾದ ಅಮೆರಿಕದ ಆಟಗಾರ ರಿಕಿ ಹೆಂಡರ್ಸನ್ ಥರ ತಲೆ ಮುಂದೆ ಮಾಡಿ ಬೇಸ್‌ಗೆ ಜಾರೋದನ್ನ ಅಭ್ಯಾಸ ಮಾಡ್ತಿದ್ದಾನೆ, ಬಿಡಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ಮೇಜರ್ ವಿಭಾಗ (ಹನ್ನೆರಡು ವರ್ಷದವರೆಗಿನವರದ್ದು) ಮತ್ತು ಅದರ ಕೆಳಗಿನವುಗಳಲ್ಲಿ ಮುಂದಿನ ಬೇಸ್‌ಗೆ ಹೋಗುವಾಗ ಹಾಗೆ ಜಾರಿದರೆ ಔಟ್. ಹಿಂದಿನ ಬೇಸ್‌ಗೆ ವಾಪಸ್ ಬರುವಾಗ ಮಾತ್ರ ಅಡ್ಡಿಯಿಲ್ಲ.

ಟೀವಿಯಲ್ಲಿ ಕಾಣುವ ಲೀಡ್ (ಚೆಂಡು ಎಸೆಯುವ ಮೊದಲೇ ಬೇಸ್ ಬಿಟ್ಟು ಕೆಲವು ಹೆಜ್ಜೆ ಮುಂದೆ ನಿಲ್ಲೋದು) ಕೂಡ ಈ ವಯಸ್ಸಿಗೆ ಇಲ್ಲ. ಚೆಂಡು ಬ್ಯಾಟರ್ ತನಕ ತಲುಪುವವರೆಗೆ ಕಾಲು ಬೇಸ್ ಮೇಲೇ ಇರಬೇಕು. ಮೊದಲೇ ಬಿಟ್ಟು ಕದ್ದರೆ ಅಂಪೈರ್ ವಾಪಸ್ ಕಳಿಸುತ್ತಾರೆ. ಆ ಓಟದಲ್ಲಿ ಔಟಾದರೆ ಮಾತ್ರ ಔಟ್ ಔಟೇ. ಹಾಗಾಗಿ ಚಿಕ್ಕವರಿಗೆ ನಿಜವಾದ ಅವಕಾಶ ಸಿಗೋದು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಕೈತಪ್ಪಿದ ಚೆಂಡಿನಲ್ಲಿ. ಕಣ್ಣು ಅಲ್ಲಿರಲಿ.

ದಾಖಲೆ ವಿಷಯಕ್ಕೆ ಬಂದರೆ, ಮಕ್ಕಳಿಗೆ ಕದ್ದ ಬೇಸ್ ಎಷ್ಟು ಅನ್ನೋದರ ಜೊತೆಗೆ ಸಿಕ್ಕಿಬಿದ್ದದ್ದು ಎಷ್ಟು ಸಲ ಅಂತಲೂ ಹೇಳಿ. ಅಮೆರಿಕದ ವೃತ್ತಿಪರ ಮೇಜರ್ ಲೀಗ್‌ನಲ್ಲಿ 1962ರ ಸೀಸನ್‌ನಲ್ಲಿ ಮೌರಿ ವಿಲ್ಸ್ 104 ಕದ್ದು ಟೈ ಕಾಬ್ ಅವರ ಹಳೆಯ ದಾಖಲೆ 96ನ್ನು ದಾಟಿದರು, ಸಿಕ್ಕಿಬಿದ್ದದ್ದು 13 ಸಲ ಅಷ್ಟೇ. 1974ರಲ್ಲಿ ಲೂ ಬ್ರಾಕ್ 118 ಕದ್ದರು, 33 ಸಲ ಸಿಕ್ಕರು. 1982ರಲ್ಲಿ ಹೆಂಡರ್ಸನ್ 130ಕ್ಕೆ ಏರಿಸಿದರು, ಆದರೆ 42 ಸಲ ಔಟ್. ಒಂದೇ ಸೀಸನ್‌ನಲ್ಲಿ ಅಷ್ಟು ಸಲ ಸಿಕ್ಕಿಬಿದ್ದದ್ದೂ ದಾಖಲೆಯೇ! ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಸಲ ಗೆದ್ದರೆ ಕದಿಯೋದು ತಂಡಕ್ಕೆ ನಷ್ಟ ಅನ್ನೋದು ಸ್ಥೂಲ ಲೆಕ್ಕ. ಹೆಂಡರ್ಸನ್ ಆ ವರ್ಷ ಸುಮಾರು 76ರಲ್ಲಿದ್ದರು, ವಿಲ್ಸ್ 89. ನನ್ನ ಮಟ್ಟಿಗೆ 1962ರದ್ದೇ ಹೆಚ್ಚು ಅಚ್ಚುಕಟ್ಟಾದ ಕಳ್ಳತನ. ಹಾಗಂತ 39ನೇ ವಯಸ್ಸಿನಲ್ಲೂ 66 ಕದ್ದು ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ಗೇ ಮೊದಲಿಗರಾದ, ಒಟ್ಟು 1406ಕ್ಕೆ ನಿಂತ ಮನುಷ್ಯನನ್ನು ಯಾರು ಮುಟ್ಟುತ್ತಾರೆ?

ದೊಡ್ಡವರ ಆಟದಲ್ಲಿ ಇದೆಲ್ಲ ಸ್ಟಾಪ್‌ವಾಚ್ ಲೆಕ್ಕ. ಪಿಚರ್ (ಚೆಂಡು ಎಸೆಯುವವನು) ಚೆಂಡನ್ನು ಬ್ಯಾಟರ್ ನಿಂತಿರುವ ಹೋಮ್‌ಗೆ ತಲುಪಿಸಲು ಸುಮಾರು 1.3 ಸೆಕೆಂಡ್, ಕ್ಯಾಚರ್ ಅದನ್ನು ಎರಡನೇ ಬೇಸ್‌ಗೆ ಎಸೆಯಲು 2 ಸೆಕೆಂಡ್. ಓಟಗಾರನಿಗೆ ಸಿಗೋದು 3.3. ಪಿಚರ್ 1.5 ತೆಗೆದುಕೊಂಡರೆ ಕ್ಯಾಚರ್ ಎಷ್ಟೇ ಚುರುಕಾಗಿದ್ದರೂ ಕಷ್ಟ. ಅದಕ್ಕೇ ಬಲಗೈ ಪಿಚರ್‌ನ ಹಿಮ್ಮಡಿ ನೋಡಬೇಕು: ಎಡಗಾಲು ಮೊದಲು ಎದ್ದರೆ ಚೆಂಡು ಹೋಮ್‌ಗೆ, ಬಲಗಾಲು ಕದಲಿದರೆ ನಿಮ್ಮ ಕಡೆಗೆ. ಎಡಗೈಯವನು ಮೊದಲ ಬೇಸ್‌ಗೆ ಮುಖ ಮಾಡಿಯೇ ನಿಂತಿರುತ್ತಾನೆ, ಅವನನ್ನು ಓದೋದು ಇನ್ನೂ ಕಠಿಣ.

ಮೇಲೆ ಹೇಳಿದ್ದಕ್ಕೆ ಒಂದು ಸೇರ್ಪಡೆ. ಈಗಿನ ಅಂಕಿಗಳನ್ನು ಹಳೆಯವುಗಳ ಪಕ್ಕ ಇಡುವಾಗ ಹುಷಾರು. 2023ರಿಂದ ಮೇಜರ್ ಲೀಗ್‌ನಲ್ಲಿ ಬೇಸ್ 15 ಇಂಚಿನಿಂದ 18 ಇಂಚಾಗಿದೆ, ಮೊದಲ ಮತ್ತು ಎರಡನೇ ಬೇಸ್ ನಡುವಿನ ದೂರ ನಾಲ್ಕೂವರೆ ಇಂಚು ತಗ್ಗಿದೆ. ಪಿಚರ್ ಒಬ್ಬ ಬ್ಯಾಟರ್‌ಗೆ ಎರಡು ಸಲ ಮಾತ್ರ ಓಟಗಾರನನ್ನು ತಡೆಯಲು ತಿರುಗಬಹುದು. ಮೂರನೇ ಸಲ ಔಟ್ ಮಾಡದಿದ್ದರೆ ಬಾಕ್ (ಪಿಚರ್‌ನ ತಪ್ಪು), ಓಟಗಾರನಿಗೆ ಒಂದು ಬೇಸ್ ಬಿಟ್ಟಿ. ಈಗಿನ ಆಟಗಾರ ರೊನಾಲ್ಡ್ ಅಕುನ್ಯಾ ಜೂನಿಯರ್ 73 ಕದ್ದದ್ದು ಅದೇ ವರ್ಷ.

ಮಗನಿಗೆ ಕಾಲು ಮುಂದೆ ಮಾಡಿ ಜಾರೋದನ್ನ ಕಲಿಸಿ. ಒಂದು ಕಾಲು ಮಡಿಸಿ ಇನ್ನೊಂದರ ಕೆಳಗೆ, ಗದ್ದ ಎದೆಗೆ, ಕೈ ಮೇಲೆ. ಕೈ ಊರಿದರೆ ಮಣಿಕಟ್ಟಿಗೆ ಪೆಟ್ಟು. ಒದ್ದೆ ಹುಲ್ಲಿನ ಮೇಲೆ ಬೂಟು ಬಿಚ್ಚಿ ಶುರು ಮಾಡಿಸಿ. ಬೇಸ್ ಹತ್ತಿರ ಬಂದಮೇಲೆ ತಡವಾಗಿ ಜಾರಿದರೆ ಕಾಲು ಬೇಸ್‌ಗೆ ಗುದ್ದಿ ಕೀಲು ಉಳುಕುತ್ತದೆ. ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡದಲ್ಲಿದ್ದರೆ ಲೀಡ್ ನಿಯಮವೇ ಬೇರೆ ಇರಬಹುದು, ಕೋಚ್ ಹತ್ತಿರ ಕೇಳಿಕೊಳ್ಳಿ.